ಹೆಡ್‌ಲೈಟ್ ವೈರಿಂಗಿಗೆ ರಿಕಾಲ್ ಅಂತೆ, ನನಗೆ ಕಾಗದವೇ ಬಂದಿಲ್ಲ

ಪೆರ್ಲದ ಚೆಂಡೆ:

ಎಲ್ಲರಿಗೂ ನಮಸ್ಕಾರ. ಗಾಡಿ ವಿಷಯ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ.

ನನ್ನದು ಒಂದು ಸಣ್ಣ ಪೆಟ್ರೋಲ್ ಕಾರು, 2021ರ ಮಾಡೆಲ್. ಹೋದ ವರ್ಷ ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಕೆಎ 19 ಇದ್ದದ್ದನ್ನು ಎನ್‌ಒಸಿ ತರಿಸಿ, ಇಲ್ಲಿ ಕೇರಳದ ತೆರಿಗೆ ಕಟ್ಟಿ, ಕೆಎಲ್ 14 ಮಾಡಿಸುವಷ್ಟರಲ್ಲಿ ಸಾಕೋ ಸಾಕಾಯಿತು. ಆ ಕತೆ ಈಗ ಬೇಡ.

ನಾನು ಯಕ್ಷಗಾನದ ಆಟಕ್ಕೆ ಚೆಂಡೆ ಬಾರಿಸುವವ. ಹಾಗಾಗಿ ನನ್ನ ಗಾಡಿ ಓಡುವುದು ಜಾಸ್ತಿ ರಾತ್ರಿಯೇ. ಹಿಂದಿನ ಸೀಟಿನಲ್ಲಿ ಎರಡು ಚೆಂಡೆ, ಮುಂದೆ ನಾನೊಬ್ಬ. ಆಟದ ಸೀಸನ್ ಮುಗಿಯುವ ಪತ್ತನಾಜೆಗೆ ಒಂದು ವಾರ ಇರುವಾಗ ಮುಳ್ಳೇರಿಯದ ಹತ್ತಿರ ಒಂದು ಆಟ ಇತ್ತು. ಮುಗಿಸಿ ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆ. ಬದಿಯಡ್ಕ ದಾಟುವಾಗ ಏನೋ ಕಮಟು ವಾಸನೆ. ಮಹಿಷಾಸುರನ ಪ್ರವೇಶಕ್ಕೆ ದೊಂದಿಗೆ ರಾಳ ಎರಚಿದ್ದು ಅಂಗಿಗೆ ಹಿಡಿದಿರಬೇಕು ಎಂದುಕೊಂಡು ಗ್ಲಾಸ್ ಇಳಿಸಿದೆ. ಮನೆಗೆ ಬಂದು ಅಂಗಿ ಬಿಚ್ಚಿ ಮೂಸಿದರೆ ಬರೀ ಬೆವರು!

ಎರಡು ದಿನ ಬಿಟ್ಟು ಮತ್ತೆ ಅದೇ ವಾಸನೆ. ಈ ಸಲ ಆಟ ಇರಲಿಲ್ಲ, ಮದುವೆ ಊಟ ಮಾಡಿ ಬರುತ್ತಿದ್ದೆ. ದೊಂದಿಯ ಮೇಲೆ ಹೇಳುವ ಹಾಗಿಲ್ಲ. ಗಮನಿಸಿ ನೋಡಿದರೆ ಹೆಡ್‌ಲೈಟ್ ಎರಡೂ ಹಳದಿ ತಿರುಗಿ ಮಂಕಾಗಿವೆ. ಮನೆ ಅಂಗಳದಲ್ಲಿ ಬಾನೆಟ್ ಎತ್ತಿ ಟಾರ್ಚ್ ಹಾಕಿದೆ. ಹೊಗೆ ಇಲ್ಲ, ಕಿಡಿ ಇಲ್ಲ, ಫ್ಯೂಸ್ ಕೂಡ ಸರಿಯೇ ಇದೆ.

ಮೊನ್ನೆ ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ಪೇಪರ್ ಕಟಿಂಗ್ ಕಳಿಸಿದ. ಇದೇ ಮಾಡೆಲ್. ಕೆಲವು ತಿಂಗಳು ತಯಾರಾದ ಗಾಡಿಗಳ ಹೆಡ್‌ಲೈಟ್ ವೈರಿಂಗಿನಲ್ಲಿ ತೊಂದರೆ ಇದೆ, ಕಂಪನಿ ರಿಕಾಲ್ ಮಾಡಿದೆ ಅಂತ. ಆದರೆ ನನಗೆ ಕಾಗದ ಬಂದಿಲ್ಲ, ಫೋನ್ ಬಂದಿಲ್ಲ, ಮೆಸೇಜೂ ಬಂದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಗೆ ಇದು ಸಿಗುವುದಿಲ್ಲವಾ? ಅಪ್ಪನ ಪ್ರಶ್ನೆ ಬೇರೆ: "ಹಿಂದಕ್ಕೆ ಕರೆಸಿಕೊಳ್ಳುವುದು ಅಂದರೆ ಗಾಡಿ ಅವರಿಗೆ ಕೊಟ್ಟು ನೀನು ಬಸ್ಸಿನಲ್ಲಿ ಬರುವುದಾ?" ಮನೆಯಾಕೆ ಅಂತೂ 2023ರ ಫೆಬ್ರವರಿಯ ಕಣ್ಣೂರಿನದ್ದು ನೆನಪಿಸಿಕೊಂಡು ಕಾರು ಹತ್ತಲಿಕ್ಕೇ ಒಪ್ಪುವುದಿಲ್ಲ. ಹೆರಿಗೆಗೆ ಆಸ್ಪತ್ರೆಗೆ ಹೋಗುತ್ತಿದ್ದ ಗಂಡ ಹೆಂಡತಿ ಕಾರಿಗೆ ಬೆಂಕಿ ಬಿದ್ದು ತೀರಿಹೋದರಲ್ಲ, ಅದು.

ಇನ್ನೊಂದು ವಿಷಯ, ಮೊದಲಿನ ಓನರ್ ದೊಡ್ಡ ಮ್ಯೂಸಿಕ್ ಸಿಸ್ಟಮ್ ಹಾಕಿಸಿದ್ದಾರೆ. ಅದರಿಂದ ಏನಾದರೂ ತಕರಾರು ಬರಬಹುದಾ?

ಕುಂಬಳೆ ವೈರಿಂಗ್:

ಚೆಂಡೆಯಣ್ಣ, ಮೊದಲು ಒಂದು ಮಾತು. ರಾತ್ರಿ ಆ ಗಾಡಿ ತೆಗೆಯಬೇಡಿ. ಉಳಿದದ್ದು ಆಮೇಲೆ.

ಆಟೋ ಎಲೆಕ್ಟ್ರಿಕ್ ಕೆಲಸಕ್ಕೆ ಕೂತು ನನಗೆ ಮೂವತ್ತೊಂದು ವರ್ಷ. "ಫ್ಯೂಸ್ ಹೋಗಿಲ್ಲ, ಹಾಗಾಗಿ ವೈರಿಂಗ್ ಸರಿ ಇದೆ" ಅಂತ ಹೇಳುವವರು ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಫ್ಯೂಸಿಗೆ ಗೊತ್ತಾಗುವುದು ಒಂದೇ ವಿಷಯ, ಕರೆಂಟ್ ಜಾಸ್ತಿ ಹರಿಯಿತಾ ಇಲ್ಲವಾ ಅಂತ. ವೈರು ಬಾಡಿಗೆ ತಾಗಿ ಶಾರ್ಟ್ ಆದರೆ ಕರೆಂಟ್ ಒಮ್ಮೆಲೇ ಏರುತ್ತದೆ, ಫ್ಯೂಸ್ ಹಾರುತ್ತದೆ. ಆದರೆ ವೈರುಗಳನ್ನು ಜೋಡಿಸುವ ಕನೆಕ್ಟರಿನ ಒಳಗೆ ಪಿನ್ನು ಸಡಿಲ ಇದ್ದರೆ ಕರೆಂಟ್ ಏರುವುದಿಲ್ಲ. ಇಳಿಯುತ್ತದೆ! ನಿಮ್ಮ ಲೈಟ್ ಹಳದಿ ಆದದ್ದು ಅದಕ್ಕೇ. ಫ್ಯೂಸಿನ ಲೆಕ್ಕದಲ್ಲಿ ಎಲ್ಲ ಕ್ಷೇಮ. ಬಲ್ಬಿಗೆ ಹೋಗಬೇಕಾದ ಶಕ್ತಿಯಲ್ಲಿ ಒಂದು ಪಾಲು ಆ ಸಡಿಲ ಜಾಗದಲ್ಲೇ ಬಿಸಿಯಾಗಿ ಕೂತಿರುತ್ತದೆ.

ಎಷ್ಟು ಬಿಸಿ ಅಂತ ಲೆಕ್ಕ ಹಾಕಿ. ಹೆಡ್‌ಲೈಟ್ ಬಲ್ಬ್ ಒಂದಕ್ಕೆ 55 ವಾಟ್. ಎರಡೂ ಉರಿಯುವಾಗ ಸುಮಾರು 9 ಆಂಪಿಯರ್. ಅದು ಹಾದು ಹೋಗುವ ಕನೆಕ್ಟರಿನಲ್ಲಿ ಬರೀ 0.3 ಓಂ ತಡೆ ಬಂದರೂ ಅಲ್ಲಿ ಹುಟ್ಟುವ ಶಾಖ 24 ವಾಟಿನ ಹತ್ತಿರ. ನನ್ನ ಬೆಂಚಿನ ಮೇಲೆ ಇರುವ, ವೈರು ಬೆಸೆಯುವ ಸೋಲ್ಡರಿಂಗ್ ಐರನ್ 25 ವಾಟಿನದು. ಅದನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ಸ್ವಿಚ್ ಹಾಕಿ ಮುಳ್ಳೇರಿಯದಿಂದ ಪೆರ್ಲದ ತನಕ ಬಂದಿದ್ದೀರಿ ನೀವು.

ಬಿಸಿಯಾದ ಪಿನ್ನು ಇನ್ನಷ್ಟು ಸಡಿಲ ಆಗುತ್ತದೆ, ಕಪ್ಪಾಗುತ್ತದೆ. ತಡೆ ಹೆಚ್ಚುತ್ತದೆ, ಮತ್ತೆ ಬಿಸಿ. ನಮ್ಮ ಕಡೆ ಕಡಲ ಗಾಳಿ ಬೇರೆ. ಮಳೆಯೋ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಹೊಯ್ಯುತ್ತದೆ. ತಾಮ್ರಕ್ಕೆ ಕಿಲುಬು ಹಿಡಿಯದೆ ಇರುತ್ತದಾ? ಘಟ್ಟದ ಮೇಲೆ ಐದು ವರ್ಷ ಬಾಳುವ ಜಾಯಿಂಟು ಕುಂಬಳೆಯಲ್ಲಿ ಎರಡೇ ಮಳೆಗಾಲಕ್ಕೆ ಹಸಿರಾದದ್ದನ್ನು ನಾನೇ ಬಿಚ್ಚಿದ್ದೇನೆ.

2021ರ ಸೆಪ್ಟೆಂಬರಿನಲ್ಲಿ ಮಾರುತಿ ಸುಜುಕಿಯವರು 1,81,754 ಪೆಟ್ರೋಲ್ ಗಾಡಿಗಳಿಗೆ ರಿಕಾಲ್ ಕೊಟ್ಟರು. ಸಿಯಾಜ್, ಎರ್ಟಿಗಾ, ಬ್ರೆಝಾ, ಎಸ್ ಕ್ರಾಸ್, ಎಕ್ಸ್ಎಲ್ 6. ಮೋಟಾರ್ ಜನರೇಟರ್ ಯೂನಿಟ್ ಅಂತ ಒಂದು ಎಲೆಕ್ಟ್ರಿಕ್ ಭಾಗ ಇದೆ, ಅದರ ತಪಾಸಣೆಗೆ. ಅದು ಆಗುವ ತನಕ ನೀರು ನಿಂತ ರಸ್ತೆಯಲ್ಲಿ ಓಡಿಸಬೇಡಿ, ಎಲೆಕ್ಟ್ರಿಕ್ ಭಾಗಗಳಿಗೆ ನೇರ ನೀರು ಹೊಡೆಯಬೇಡಿ ಅಂತ ಪ್ರಕಟಣೆಯಲ್ಲೇ ಇತ್ತು. ಓದಿ ನಗು ಬಂತು. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ನೀರು ನಿಲ್ಲದ ರಸ್ತೆ ಯಾವುದು ಮಾರಾಯ್ರೇ?

ಒಂದು ಬಿನ್ನಹ. ದೊಡ್ಡ ಫ್ಯೂಸ್ ಹಾಕಬೇಡಿ. ಬೆಳಕು ಕಮ್ಮಿ ಅಂತ 100 ವಾಟಿನ ಬಲ್ಬ್ ಹಾಕಬೇಡಿ. ಆ ವೈರನ್ನು ಯಾರ ಹತ್ತಿರವೂ ಕತ್ತರಿಸಿ ಟೇಪ್ ಸುತ್ತಿಸಬೇಡಿ, ನನ್ನ ಹತ್ತಿರವೂ. ರಿಕಾಲಿನವರು ನೋಡುವ ಮೊದಲು ಕೈ ಹಾಕಿದರೆ "ಹೊರಗೆ ಕೆಲಸ ಮಾಡಿಸಿದ್ದೀರಿ" ಅಂತ ಶುರು ಮಾಡುತ್ತಾರೆ.

ಬದಿಯಡ್ಕ ಟೀಚರ್:

ಕಾಗದ ಬಾರದ್ದೇ ಒಳ್ಳೆಯದಾಯಿತು ಅಂದುಕೊಳ್ಳಿ ಅಣ್ಣ. ನನಗೆ ಬಂದೂ ಪ್ರಯೋಜನ ಆಗಿರಲಿಲ್ಲ.

ನನ್ನ ಸ್ಕೂಟರಿಗೆ ರಿಕಾಲ್ ಮೆಸೇಜ್ ಬಂದದ್ದು ಮಲಯಾಳದಲ್ಲಿ. ಮಾತು ನನಗೆ ಚೆನ್ನಾಗಿ ಬರುತ್ತದೆ, ಅಕ್ಷರ ಮಾತ್ರ ನಿಧಾನ. ಕೂಡಿಸಿ ಕೂಡಿಸಿ ಓದಿದೆ. "ತಿರಿಚ್ಚುವಿಳಿ" ಅಂತ ಒಂದು ಪದ. ತಿರುಗಿ ಫೋನ್ ಮಾಡಿ ಅಂತ ಹೇಳುತ್ತಿದ್ದಾರೆ ಎಂದುಕೊಂಡೆ. ಕೆಳಗೆ ಒಂದು ನೀಲಿ ಲಿಂಕ್. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಹೀಗೇ ಲಿಂಕ್ ಒತ್ತಿ ದುಡ್ಡು ಕಳೆದುಕೊಂಡಿದ್ದರು. ಸೀದಾ ಡಿಲೀಟ್ ಮಾಡಿದೆ.

ಎರಡು ತಿಂಗಳ ನಂತರ ಮತ್ತೆ ಬಂತು. ಏಳನೇ ಕ್ಲಾಸಿನ ಒಬ್ಬ ಹುಡುಗನ ಹತ್ತಿರ ಓದಿಸಿದೆ. ಅವನು ಓದಿ, "ಟೀಚರ್, ನಿಮ್ಮ ಸ್ಕೂಟರನ್ನು ಕಂಪನಿ ವಾಪಸ್ ಕರೀತಾ ಇದೆ" ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಫೋನನ್ನು ತಿರುಗಿ ಮಾಡುವುದಕ್ಕೂ ಗಾಡಿಯನ್ನು ಹಿಂದಕ್ಕೆ ಕರೆಯುವುದಕ್ಕೂ ಆ ಭಾಷೆಯಲ್ಲಿ ಒಂದೇ ಪದ! ಲಿಂಕ್ ಮುಟ್ಟಲಿಲ್ಲ ಆಗಲೂ. ಕಂಪನಿಯ ವೆಬ್‌ಸೈಟನ್ನು ನಾನೇ ಹುಡುಕಿ, ಅಲ್ಲಿ ನಂಬರ್ ಹಾಕಿ ನೋಡಿದೆ. ನಿಜವೇ ಆಗಿತ್ತು.

ಗಾಡಿ ಅವರೇನೂ ಇಟ್ಟುಕೊಳ್ಳುವುದಿಲ್ಲ ಅಂತ ನಿಮ್ಮ ಅಪ್ಪನಿಗೆ ಹೇಳಿ. ನನ್ನದು ನಲವತ್ತು ನಿಮಿಷದ ಕೆಲಸ. ಕೀ ಹಾಕುವ ಸ್ವಿಚ್ಚಿನ ಹಿಂದಿನ ವೈರ್ ಬಿಚ್ಚಿ ನೋಡಿ, ಇದು ಸರಿ ಇದೆ ಅಂತ ಹಾಗೇ ಮುಚ್ಚಿ ಕೊಟ್ಟರು. ಅರ್ಧ ದಿನ ರಜೆ ಹಾಕಿ ಸುಮ್ನೆ ಹೋಗಿ ಬಂದ ಹಾಗಾಯಿತು.

ಪೆರ್ಲದ ಚೆಂಡೆ:

ಟೀಚರ್, ನೀವು ಹೇಳಿದ ಹಾಗೆಯೇ ಕಂಪನಿಯ ವೆಬ್‌ಸೈಟಿಗೆ ಹೋದೆ. ಆರ್‌ಸಿ ನೋಡಿ ಚಾಸಿಸ್ ನಂಬರ್ ಹಾಕಿದೆ. "ನಂಬರ್ ಸರಿಯಿಲ್ಲ" ಅಂತ ಬರುತ್ತದೆ. ಮೂರು ಸಲ ಹಾಕಿದೆ, ಮೂರು ಸಲವೂ ಅದೇ. ಮಂಗಳೂರಿನ ಬ್ರೋಕರ್ ನನಗೆ ಯಾವ ಗಾಡಿ ಕೊಟ್ಟಿದ್ದಾನೋ ಅಂತ ಈಗ ಹೊಸ ಹೆದರಿಕೆ.

ವೈರಿಂಗಣ್ಣ, ಸೋಲ್ಡರಿಂಗ್ ಐರನ್ ಮಾತು ಮನೆಯಾಕೆಗೆ ಓದಿ ಹೇಳಬಾರದಿತ್ತು. ಕೀ ಈಗ ಅವಳ ಹತ್ತಿರ ಇದೆ.

ಸರ್ವಿಸ್ ಕೌಂಟರ್ ಮಂಗಳೂರು:

ಮಂಜೇಶ್ವರದವನು, ದಿನಾ ತಲಪಾಡಿ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವವ. ಯಾವ ಕಂಪನಿ ಅಂತ ಕೇಳಬೇಡಿ. ಕೌಂಟರಿನ ಈಚೆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ.

ಚಾಸಿಸ್ ನಂಬರಿನಲ್ಲಿ ಅಕ್ಷರ, ಅಂಕಿ ಎಲ್ಲ ಸೇರಿ 17 ಇರಬೇಕು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ. ಒಂದು, ಸೊನ್ನೆಯ ಜೊತೆ ಗೊಂದಲ ಆಗುತ್ತದೆ ಅಂತಲೇ ಬಿಟ್ಟಿದ್ದಾರೆ. ನೀವು ಸೊನ್ನೆ ಹಾಕುವಲ್ಲಿ ಓ ಹಾಕಿರುತ್ತೀರಿ. ದಿನಕ್ಕೆ ನಾಲ್ಕು ಫೋನ್ ಇದಕ್ಕೇ ಬರುತ್ತದೆ ನನಗೆ. ಬ್ರೋಕರನ್ನು ಬೈಯುವ ಮೊದಲು ಇನ್ನೊಂದು ಸಲ ನೋಡಿ.

ಕಾಗದ ಯಾಕೆ ಬರಲಿಲ್ಲ ಅಂತ ಕೇಳಿದಿರಿ. ಶೋರೂಮಿನಿಂದ ಮೊದಲು ಗಾಡಿ ತೆಗೆದವರ ಹೆಸರು, ವಿಳಾಸ, ಫೋನ್ ನಂಬರ್ ಮಾತ್ರ ನಮ್ಮ ಕಂಪ್ಯೂಟರಿನಲ್ಲಿ ಇರುತ್ತದೆ. ನೀವು ಆರ್‌ಟಿಒದಲ್ಲಿ ಹೆಸರು ಬದಲಿಸಿದ್ದು ನಮಗೆ ತಾನಾಗಿ ಗೊತ್ತಾಗುವುದಿಲ್ಲ. ಗಾಡಿ ಮಾರಿದವರು ಕಾಗದ ಬಂದರೆ "ಅದು ಈಗ ನನ್ನದಲ್ಲ" ಅಂತ ಬದಿಗಿಡುತ್ತಾರೆ. ಗಡಿ ಈಚೆ ಆಚೆ ಗಾಡಿ ಮಾರಾಟ ಆಗುವ ನಮ್ಮ ಊರುಗಳಲ್ಲಿ ಇದು ಜಾಸ್ತಿ. ಪೆರ್ಲದಲ್ಲಿ ಓಡುವ ಎಷ್ಟು ಗಾಡಿಗಳ ಕಾಗದ ದೇರಳಕಟ್ಟೆಯಲ್ಲಿ, ವಿಟ್ಲದಲ್ಲಿ ಯಾರದೋ ಮೇಜಿನ ಮೇಲೆ ಬಿದ್ದಿದೆಯೋ! ಸರ್ವಿಸಿಗೆ ಹೋದಾಗ ಹೊಸ ಆರ್‌ಸಿ ತೋರಿಸಿ ಫೋನ್ ನಂಬರ್ ಬದಲಿಸಿ ಅಂತ ಹೇಳಿ. ಎರಡೇ ನಿಮಿಷ.

ರಿಕಾಲ್ ಇರುವುದು ಚಾಸಿಸ್ ನಂಬರಿಗೆ. ಓನರ್ ಎಷ್ಟನೆಯವರು, ನಂಬರ್ ಪ್ಲೇಟ್ ಕೆಎಯೋ ಕೆಎಲ್ಲೋ, ವಾರಂಟಿ ಮುಗಿದಿದೆಯೋ ಅಂತ ನೋಡುವುದಿಲ್ಲ. ಕಾಸರಗೋಡಿನಲ್ಲಾದರೂ ಮಾಡಿಸಿ, ಮಂಗಳೂರಿನಲ್ಲಾದರೂ ಮಾಡಿಸಿ, ದುಡ್ಡು ಇಲ್ಲ. ಆದರೆ ಮೊದಲು ಫೋನ್ ಮಾಡಿ ಪಾರ್ಟ್ ಸ್ಟಾಕ್ ಇದೆಯಾ ಕೇಳಿ. ಇಲ್ಲದಿದ್ದರೆ ಬರೀ ಹೆಸರು ಬರೆದುಕೊಂಡು ಕಳಿಸುತ್ತಾರೆ.

ಟೀಚರಿಗೆ ಒಂದು ಮಾತು: ಸುಮ್ನೆ ಹೋಗಿ ಬಂದದ್ದು ಅಂತ ಬೇಸರ ಮಾಡಬೇಡಿ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್‌ನವರು ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ತೊಂದರೆಗೆ 2,36,966 ಬೈಕ್ ಕರೆಸಿದರು. ಅವರದೇ ಅಂದಾಜಿನ ಪ್ರಕಾರ ಕಾಯಿಲ್ ಬದಲಿಸಬೇಕಾಗಿದ್ದದ್ದು ನೂರಕ್ಕೆ ಹತ್ತಕ್ಕಿಂತ ಕಮ್ಮಿ ಗಾಡಿಗಳಿಗೆ. ಆ ಹತ್ತು ಯಾವುದು ಅಂತ ಬಿಚ್ಚದೆ ಗೊತ್ತಾಗುವುದಿಲ್ಲ. 2023ರ ಆಗಸ್ಟಿನಲ್ಲಿ ಮಹೀಂದ್ರಾದವರು ಎಕ್ಸ್‌ಯುವಿ 700 ಗಾಡಿಗಳ ಎಂಜಿನ್ ಬದಿಯ ವೈರಿಂಗ್ ಉಜ್ಜಿ ಹೋಗಬಹುದು ಅಂತ 1,08,306 ಗಾಡಿ ಪರೀಕ್ಷೆಗೆ ಕರೆದಾಗಲೂ ಹಾಗೇ. ಎಲ್ಲದರದ್ದೂ ಉಜ್ಜಿ ಹೋಗಿತ್ತು ಅಂತಲ್ಲ.

ಮ್ಯೂಸಿಕ್ ಸಿಸ್ಟಮ್ ತಕರಾರು ತೆಗೆದರೆ, "ಅದಕ್ಕೂ ಹೆಡ್‌ಲೈಟ್ ಕನೆಕ್ಟರಿಗೂ ಏನು ಸಂಬಂಧ ಅಂತ ಜಾಬ್ ಕಾರ್ಡಿನಲ್ಲಿ ಬರೆದು ಕೊಡಿ" ಅನ್ನಿ. (ಸರ್ವಿಸಿನಲ್ಲಿ ಮಾಡುವ ಕೆಲಸ ಬರೆಯುವ ಕಾಗದ ಅದು.) ಬರೆದು ಕೊಡು ಅಂದ ಕೂಡಲೇ ಮಾತು ಮೆತ್ತಗಾಗುತ್ತದೆ. ನಾನೇ ಮೆತ್ತಗಾಗಿದ್ದೇನೆ.

ಉಪ್ಪಳ ಆಟೋ:

ಇಷ್ಟೆಲ್ಲ ತಲೆಬಿಸಿ ಯಾಕೆ? ರಿಕಾಲ್ ಆದ ಗಾಡಿ ಅಂತ ರೆಕಾರ್ಡ್ ಆದರೆ ನಾಳೆ ಮಾರುವಾಗ ರೇಟ್ ಬೀಳುತ್ತದೆ. ಕಂಪನಿಯವರು ಪುಕ್ಕಟೆ ಕೊಡುತ್ತಾರೆ ಅಂದರೆ ಅದರಲ್ಲಿ ಏನಾದರೂ ಇದ್ದೇ ಇರುತ್ತದೆ. ನನ್ನ ಆಟೋಗೆ ಹತ್ತು ವರ್ಷದಿಂದ ಟೇಪ್ ಸುತ್ತಿಯೇ ಓಡಿಸುತ್ತಿದ್ದೇನೆ.

ಸರ್ವಿಸ್ ಕೌಂಟರ್ ಮಂಗಳೂರು:

ಅಣ್ಣ, ಪುಕ್ಕಟೆ ಕೊಡುವುದು ಪ್ರೀತಿಯಿಂದ ಅಲ್ಲ. 2012ರಿಂದ ವಾಹನ ತಯಾರಕರ ಸಂಘ ಸಿಯಾಮ್ ಮಾಡಿಕೊಂಡ ನಿಯಮ ಇತ್ತು, ಅದು ಅವರವರ ಮನಸ್ಸಿಗೆ ಬಿಟ್ಟದ್ದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಅಂತ ಒಂದು ಕಲಂ ಸೇರಿಸಿದರು. 2021ರ ಏಪ್ರಿಲ್ 1ರಿಂದ ಅದರ ನಿಯಮಗಳು ಜಾರಿಗೆ ಬಂದವು. ಏಳು ವರ್ಷದ ಒಳಗಿನ ಗಾಡಿಗಳಲ್ಲಿ ಸುರಕ್ಷತೆಯ ದೋಷ ಇದ್ದರೆ ಸರಕಾರವೇ ರಿಕಾಲ್ ಮಾಡಿ ಅಂತ ಆದೇಶ ಕೊಡಬಹುದು. ದಂಡ 10 ಲಕ್ಷದಿಂದ 1 ಕೋಟಿಯ ತನಕ. ಆದರೆ ದೋಷವನ್ನು ಕಂಪನಿ ತಾನೇ ಕಂಡು, ಸರಕಾರಕ್ಕೆ ತಿಳಿಸಿ, ರಿಕಾಲ್ ಶುರು ಮಾಡಿದರೆ ದಂಡ ಇಲ್ಲ. "ಮುಂಜಾಗ್ರತೆಗಾಗಿ ಸ್ವಯಂಪ್ರೇರಿತ" ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದರ ಹಿಂದೆ ಇದೂ ಒಂದು ಲೆಕ್ಕ.

ರೇಟಿನ ಮಾತು ಉಲ್ಟಾ. ರಿಕಾಲ್ ಕೆಲಸ ಬಾಕಿ ಇದೆ ಅಂತ ಕಂಡರೆ ತಿಳಿದವರು ಚೌಕಾಸಿ ಮಾಡುತ್ತಾರೆ. ಆಗಿದೆ ಅಂತ ಜಾಬ್ ಕಾರ್ಡ್ ತೋರಿಸಿದರೆ ಅವರ ಬಾಯಿ ಕಟ್ಟಿತು.

ಕುಂಬಳೆ ವೈರಿಂಗ್:

ಉಪ್ಪಳದಣ್ಣ, ನಿಮ್ಮ ಆಟೋ ನಾನು ನೋಡಿದ್ದೇನೆ. ಅದರಲ್ಲಿ ವೈರಿಗಿಂತ ಟೇಪೇ ಜಾಸ್ತಿ.

ಪೆರ್ಲದ ಚೆಂಡೆ:

ಎಲ್ಲರಿಗೂ ವರದಿ ಒಪ್ಪಿಸಬೇಕು ಅಲ್ವಾ.

ಓ ಅಲ್ಲ, ಸೊನ್ನೆಯೇ. ಸರಿ ಹಾಕಿದ ಕೂಡಲೇ ನನ್ನ ಗಾಡಿ ಪಟ್ಟಿಯಲ್ಲಿ ಬಂತು. ಬ್ರೋಕರನ ಮೇಲೆ ಮನಸ್ಸಿನಲ್ಲಿ ಬೈದದ್ದನ್ನೆಲ್ಲ ವಾಪಸ್ ತೆಗೆದುಕೊಂಡಿದ್ದೇನೆ. ರಿಕಾಲ್ ಮಾಡಿದ್ದೇನೆ ಅಂತಲೂ ಹೇಳಬಹುದು.

ಫೋನ್ ಮಾಡಿದರೆ ಪಾರ್ಟ್ ಬರಲಿಕ್ಕೆ ಹನ್ನೆರಡು ದಿನ ಅಂದರು. ಅಷ್ಟು ದಿನ ಬಸ್ಸು. ಪುಣ್ಯಕ್ಕೆ ಆಟ ಎಲ್ಲ ಮುಗಿದ ಸಮಯ. ಎರಡು ತಾಳಮದ್ದಳೆಗೆ ಬೇರೆಯವರ ಕಾರಿನಲ್ಲಿ ಹೋದೆ. ಹೋದ ಮಂಗಳವಾರ ಹಗಲು ಹೊತ್ತಿನಲ್ಲಿ, ಲೈಟ್ ಹಾಕದೆ ನಿಧಾನಕ್ಕೆ ಗಾಡಿ ತೆಗೆದುಕೊಂಡು ಹೋದೆ. ಸೀತಾಂಗೋಳಿಯಲ್ಲಿ ಮಳೆ ಸುರಿದು ಕತ್ತಲು ಕಟ್ಟಿತು. ಲೈಟ್ ಹಾಕದೆ ಹೋಗುವ ಹಾಗಿಲ್ಲ. ಅಂಗಡಿ ಪಕ್ಕ ನಿಲ್ಲಿಸಿ, ಚಾ ಕುಡಿದು, ಮಳೆ ಬಿಟ್ಟ ಮೇಲೆ ಹೊರಟೆ.

ಕೌಂಟರಿನಲ್ಲಿ ಮೊದಲು ಕೇಳಿದ್ದು, "ಕಾಗದ ಇದೆಯಾ?" ನಾನು ಚಾಸಿಸ್ ನಂಬರ್ ಹೇಳಿದೆ. ಆಮೇಲೆ ಎಸಿ ಕ್ಲೀನಿಂಗ್, ವೀಲ್ ಅಲೈನ್‌ಮೆಂಟ್, ಕೆಳಗೆ ತುಕ್ಕು ಹಿಡಿಯದ ಹಾಗೆ ಕೋಟಿಂಗ್, ಎಲ್ಲ ಮಾಡಿಸಿ ಅಂತ ಒತ್ತಾಯ. ರಿಕಾಲ್ ಒಂದೇ ಸಾಕು ಅಂದೆ. ಮ್ಯೂಸಿಕ್ ಸಿಸ್ಟಮಿನ ಮಾತು ಬಂತು. ಬರೆದು ಕೊಡಿ ಅಂದೆ. ಕೌಂಟರಣ್ಣ ಹೇಳಿದ ಹಾಗೆಯೇ, ಮೆತ್ತಗಾಯಿತು.

ಮೆಕ್ಯಾನಿಕ್ ಹುಡುಗ ಒಳ್ಳೆಯವ. ಬಿಚ್ಚುವಾಗ ಹತ್ತಿರ ನಿಂತು ನೋಡಲಿಕ್ಕೆ ಬಿಟ್ಟ. ಬ್ಯಾಟರಿಯ ಹಿಂದೆ, ಬೆರಳು ತೂರುವುದೂ ಕಷ್ಟ ಇರುವಲ್ಲಿ ಆ ಕನೆಕ್ಟರ್. ಬೆಂಕಿಪೆಟ್ಟಿಗೆಯ ಅರ್ಧದಷ್ಟು ಇರಬಹುದು. ಮೇಲಿನಿಂದ ನೋಡಿದರೆ ಏನೂ ಆಗಿಲ್ಲ, ಬಿಳಿ ಪ್ಲಾಸ್ಟಿಕ್. ಎಳೆದರೆ ಬರಲಿಲ್ಲ. ಅಲ್ಲಾಡಿಸಿ ಅಲ್ಲಾಡಿಸಿ ತೆಗೆದ. ಒಳಗಿನ ಮುಖದಲ್ಲಿ ಆರು ತೂತು. ಐದು ಸರಿ ಇವೆ. ಆರನೆಯದರ ಸುತ್ತ ಪ್ಲಾಸ್ಟಿಕ್ ಬೆಲ್ಲದ ಬಣ್ಣಕ್ಕೆ ತಿರುಗಿ, ಪಾಕದ ಹಾಗೆ ಇಳಿದು ಗಟ್ಟಿಯಾಗಿದೆ. ಪಿನ್ನು ನೀಲಿ ಕಪ್ಪು. ಪಕ್ಕದಲ್ಲಿ ಸಾಸಿವೆಯಷ್ಟು ಕಿಲುಬು. ಮೂಗಿನ ಹತ್ತಿರ ಹಿಡಿದೆ. ಅದೇ ವಾಸನೆ! ನಾನು ಅಂಗಿಯಲ್ಲಿ ಹುಡುಕಿದ್ದು ಅಲ್ಲಿತ್ತು.

ಹುಡುಗ ಹೇಳಿದ ಪ್ರಕಾರ ತಯಾರಾಗುವಾಗಲೇ ಪಿನ್ನನ್ನು ವೈರಿಗೆ ಒತ್ತಿ ಕೂರಿಸಿದ್ದು ಗಟ್ಟಿಯಾಗಿಲ್ಲ. ಹೊಸ ಕನೆಕ್ಟರ್, ಎರಡು ಅಡಿ ಹೊಸ ವೈರ್ ಹಾಕಿದ. ಒಂದೂವರೆ ಗಂಟೆ. ಹಳೆಯದನ್ನು ಕೊಡು ಅಂತ ಕೇಳಿದೆ, ವೈರಿಂಗಣ್ಣನಿಗೆ ತೋರಿಸುವ ಆಸೆ. ಕಂಪನಿಗೆ ವಾಪಸ್ ಕಳಿಸಬೇಕು ಅಂದ. ಫೋಟೋ ತೆಗೆದುಕೊಂಡೆ. ಬಿಲ್ಲು ಸೊನ್ನೆ. ಈ ಸಲ ಓ ಅಲ್ಲ ಅಂತ ಎರಡು ಸಲ ನೋಡಿದೆ.

ಮೊದಲಿನ ಓನರಿಗೂ ಫೋನ್ ಮಾಡಿದೆ. ಪಾಪ, ಒಳ್ಳೆಯ ಜನ. ಹುಡುಕಿ ನೋಡುತ್ತೇನೆ ಅಂದವರು ಸಂಜೆಗೆ ವಾಟ್ಸಾಪಿನಲ್ಲಿ ಕಾಗದದ ಫೋಟೋ ಕಳಿಸಿದರು. ಕವರ್ ಒಡೆದೇ ಇರಲಿಲ್ಲವಂತೆ. ತಾರೀಕು ನೋಡಿದರೆ, ನಾನು ಗಾಡಿ ತೆಗೆದುಕೊಂಡ ಮೂರನೇ ತಿಂಗಳಿನದ್ದು. ಅಂದರೆ ಒಂದು ಇಡೀ ಆಟದ ಸೀಸನ್ ನಾನು ಆ ಸೋಲ್ಡರಿಂಗ್ ಐರನ್ ಇಟ್ಟುಕೊಂಡು ತಿರುಗಿದ್ದೇನೆ.

ಕೀ ವಾಪಸ್ ಸಿಕ್ಕಿದೆ. ಆದರೆ ಮನೆಯಾಕೆಯ ಒಂದು ಶರತ್ತು ಇದೆ. ನಮ್ಮ ಮನೆಯಿಂದ ಎರಡು ಕಿಲೋಮೀಟರ್ ಆಚೆ ಇದೇ ಮಾಡೆಲ್, ಇದೇ ವರ್ಷದ ಗಾಡಿ ಒಂದಿದೆ. ಅದೂ ಪುತ್ತೂರಿನಿಂದ ತಂದದ್ದು, ಕೆಎ 21. ಅವರಿಗೆ ವಾಟ್ಸಾಪ್ ಇಲ್ಲ. ನಾಳೆ ತೋಟಕ್ಕೆ ಮದ್ದು ಬಿಡಲಿಕ್ಕೆ ಆ ಕಡೆ ಹೋಗುವವನಿದ್ದೇನೆ, ಅವರ ಆರ್‌ಸಿ ಕೇಳಿ ನಂಬರ್ ಹಾಕಿ ನೋಡಿ ಬರಬೇಕಂತೆ.